ಶಿರಾದ ಗುಮ್ಮಟ, ಯಲ್ಲಾಪುರದ ಕೌದಿ: ಹಬ್ಷಿಗಳ ಇತಿಹಾಸ ನಮ್ಮದೂ ಹೌದು

ತುಮಕೂರಿನಿಂದ ಪುಣೆ ಹೆದ್ದಾರಿ ಹಿಡಿದು ಸುಮಾರು ಐವತ್ತು ಕಿಲೋಮೀಟರ್ ಹೋದರೆ ಶಿರಾ ಸಿಗುತ್ತದೆ. ಚಿತ್ರದುರ್ಗದ ಕಡೆ ಹೋಗುವ ನಮ್ಮಲ್ಲಿ ಹೆಚ್ಚಿನವರಿಗೆ ಅದು ಚಹಾ ಕುಡಿಯಲು ಇಳಿಯುವ ಊರು. ಆ ಊರಿನೊಳಗೆ ಎರಡು ಹಳೆಯ ಕಟ್ಟಡಗಳಿವೆ. ಒಂದು, 1696ರಲ್ಲಿ ಕಲ್ಲಿನಲ್ಲಿ ಕಟ್ಟಿದ ಜುಮಾ ಮಸ್ಜಿದ್. ಇನ್ನೊಂದು ಅದಕ್ಕಿಂತಲೂ ಹಳೆಯದು, 1651ರ ಮಲಿಕ್ ರಿಹಾನ್ ದರ್ಗಾ. ಬಿಜಾಪುರದ ಆದಿಲ್‌ಶಾಹಿ ಸುಲ್ತಾನರ ಪರವಾಗಿ ಶಿರಾ ಪ್ರಾಂತ್ಯವನ್ನು ಆಳಿದ ಸುಬೇದಾರರ ಗೋರಿ ಅದು. ಎರಡೂ ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ.

ಮಲಿಕ್ ರಿಹಾನ್ ಎಂಬ ಹೆಸರನ್ನು ಒಂದು ಕ್ಷಣ ಗಮನಿಸಿ. ರೈಹಾನ್ ಎಂದರೆ ಕಾಮಕಸ್ತೂರಿಯಂಥ ಪರಿಮಳದ ಗಿಡ. ದಖ್ಖನಿನ ಇತಿಹಾಸದಲ್ಲಿ ಇಂಥ ಹೆಸರುಗಳ ಒಂದು ಸಾಲೇ ಇದೆ. ಅಂಬರ್ ಎಂದರೆ ಕಡಲಿನಿಂದ ದೊರೆಯುವ ಸುಗಂಧ ದ್ರವ್ಯ. ಸಂದಲ್ ಎಂದರೆ ಗಂಧ, ಕಾಫೂರ್ ಎಂದರೆ ಕರ್ಪೂರ, ಯಾಕೂತ್ ಎಂದರೆ ಮಾಣಿಕ್ಯ, ಮರ್ಜಾನ್ ಎಂದರೆ ಹವಳ. ತಂದೆ ತಾಯಿ ತೊಟ್ಟಿಲಲ್ಲಿ ಇಟ್ಟ ಹೆಸರುಗಳಲ್ಲ ಇವು. ಆಫ್ರಿಕಾದ ಕರಾವಳಿಯಿಂದ ಹಡಗಿನಲ್ಲಿ ತಂದು ಮಾರಿದ ಮಕ್ಕಳಿಗೆ ಹೊಸ ಒಡೆಯರು ಇಡುತ್ತಿದ್ದ ಹೆಸರುಗಳು. ಬಿಜಾಪುರದ ಆಸ್ಥಾನದಲ್ಲಿ ಪ್ರಧಾನ ಮಂತ್ರಿಯ ಪದವಿಗೇರಿದ ಹಬ್ಷಿ ಅಮೀರ ಇಖ್ಲಾಸ್ ಖಾನ್ ಅವರ ಮೊದಲ ಹೆಸರೂ ಮಲಿಕ್ ರೈಹಾನ್ ಎಂದೇ ಇತ್ತು. ನಮ್ಮ ಜಿಲ್ಲೆಯ ಗೋರಿಯೊಂದರ ಮೇಲೆ ಉಳಿದಿರುವ ಹೆಸರು ಈ ಸಾಲಿಗೆ ಸೇರಿದ್ದು.

ಈ ಸಾಲಿನ ಹಿಂದಿರುವ ಮನುಷ್ಯರು ಯಾರು, ಅವರು ಏನು ಕಟ್ಟಿದರು, ಅವರನ್ನು ನಾವು ಏಕೆ ಮರೆತೆವು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಹಬಶಾದೊಂದಿಗೆ ನಮ್ಮ ಮೊದಲ ನಂಟು

ಇಥಿಯೋಪಿಯಾದ ಹಳೆಯ ಹೆಸರು ಹಬಶಾ, ಅಬಿಸೀನಿಯ. ಅಲ್ಲಿಂದ ಬಂದವರು ಹಬ್ಷಿಗಳು. ಮುಸ್ಲಿಮರಿಗೆ ಈ ನಾಡು ಅಪರಿಚಿತವಲ್ಲ. ಮಕ್ಕಾದಲ್ಲಿ ಕಿರುಕುಳ ತಾಳಲಾಗದೆ ಮೊದಲ ಮುಸ್ಲಿಮರ ಒಂದು ಗುಂಪು ಕ್ರಿ.ಶ. 615ರ ಸುಮಾರಿಗೆ ವಲಸೆ ಹೋದದ್ದು ಹಬಶಾಕ್ಕೆ. ಹಝ್ರತ್ ಜಅಫರ್(ರ) ಅಲ್ಲಿನ ದೊರೆ ನಜ್ಜಾಶಿಯ ಮುಂದೆ ನಿಂತು ಸೂರಃ ಮರ್‌ಯಮ್ ಓದಿದ್ದು, ಕ್ರೈಸ್ತ ದೊರೆ ಕಣ್ಣೀರು ಹಾಕಿ ನಿರಾಶ್ರಿತರನ್ನು ಒಪ್ಪಿಸಲು ನಿರಾಕರಿಸಿದ್ದು ನಮ್ಮ ಮಕ್ಕಳಿಗೂ ಗೊತ್ತು. ಮದೀನಾಕ್ಕಿಂತ ಮೊದಲು ಮುಸ್ಲಿಮರಿಗೆ ಆಶ್ರಯ ಕೊಟ್ಟ ಮಣ್ಣು ಆಫ್ರಿಕಾದ್ದು.

ಹಝ್ರತ್ ಬಿಲಾಲ್(ರ) ಅವರ ಕಥೆಯನ್ನು ಹೇಳಲೇಬೇಕಾಗಿಲ್ಲ. ಮಕ್ಕಾದ ಸುಡು ಮರಳಿನ ಮೇಲೆ ಕಲ್ಲು ಹೇರಿಸಿಕೊಂಡು ಮಲಗಿದ್ದ ಗುಲಾಮ, ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅಝಾನ್ ಕೊಟ್ಟರು. ಕುರೈಶರ ದೊಡ್ಡ ಮನೆತನದವರು ಕೆಳಗೆ ನಿಂತು ಕೇಳಿದರು. ಅಬೂ ಝರ್(ರ) ಅವರಂಥ ಹಿರಿಯ ಸಹಾಬಿ ಒಬ್ಬರನ್ನು ತಾಯಿಯ ವಿಷಯ ಎತ್ತಿ ಹಂಗಿಸಿದಾಗ, ನಿಮ್ಮಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆ ಎಂಬ ಅರ್ಥದಲ್ಲಿ ಪ್ರವಾದಿ ಮುಹಮ್ಮದ್(ಸ) ಗದರಿಸಿದರು. ಕೊನೆಯ ಹಜ್ಜಿನ ಪ್ರವಚನದಲ್ಲಿ ಬಿಳಿಯರಿಗೆ ಕರಿಯರ ಮೇಲಾಗಲಿ, ಕರಿಯರಿಗೆ ಬಿಳಿಯರ ಮೇಲಾಗಲಿ ಹೆಚ್ಚುಗಾರಿಕೆ ಇಲ್ಲ, ಇರುವುದು ತಖ್ವಾದ ಹೆಚ್ಚುಗಾರಿಕೆ ಮಾತ್ರ ಎಂದು ಸಾರಿದರು.

ಬೋಧನೆ ಇಷ್ಟು ಸ್ಪಷ್ಟವಾಗಿದೆ. ಆಚರಣೆಯ ಇತಿಹಾಸ ಇಷ್ಟು ನೇರವಾಗಿಲ್ಲ. ಆ ಕಹಿಯನ್ನೂ ಮುಚ್ಚಿಡದೆ ನೋಡಬೇಕು.

ಕುದುರೆ ಬಂದ ದಾರಿಯಲ್ಲೇ ಮನುಷ್ಯರೂ ಬಂದರು

ಕುಣಿಗಲ್ಲಿನವರಿಗೆ ಕುದುರೆ ಫಾರಂ ಗೊತ್ತು. ಟಿಪ್ಪು ಸುಲ್ತಾನರ ಕಾಲದ ಕುದುರೆ ಸಾಕಣೆಯ ನೆನಪು ಆ ಊರಿಗೆ ಅಂಟಿಕೊಂಡಿದೆ. ಒಳ್ಳೆಯ ಯುದ್ಧದ ಕುದುರೆಗಾಗಿ ದಖ್ಖನಿನ ರಾಜರು ಶತಮಾನಗಳ ಕಾಲ ಅರಬ್ ನಾಡಿನ ಕಡೆ ನೋಡುತ್ತಿದ್ದರು. ದಾಬೋಳ, ಚೌಲ್, ಗೋವಾದ ಬಂದರುಗಳಿಗೆ ಹಡಗಿನಲ್ಲಿ ಕುದುರೆಗಳು ಬರುತ್ತಿದ್ದವು. ಅದೇ ಕಡಲ ದಾರಿಯಲ್ಲಿ ಮನುಷ್ಯರನ್ನೂ ತರುತ್ತಿದ್ದರು. ಇಥಿಯೋಪಿಯಾದ ಒಳನಾಡಿನಲ್ಲಿ ಸೆರೆ ಹಿಡಿದ ಮಕ್ಕಳನ್ನು ಕೆಂಪು ಸಮುದ್ರ ದಾಟಿಸಿ, ಯಮನಿನ ಮೊಖಾದಂಥ ಪೇಟೆಗಳಲ್ಲಿ ಮಾರಿ, ಅಲ್ಲಿಂದ ಮುಂದಕ್ಕೆ ಸಾಗಿಸುತ್ತಿದ್ದರು. ಮಾರಿದವರಲ್ಲಿ, ಕೊಂಡವರಲ್ಲಿ ಎಲ್ಲ ಧರ್ಮದವರೂ ಇದ್ದರು, ಮುಸ್ಲಿಮರೂ ಇದ್ದರು. ಗುಲಾಮರನ್ನು ಬಿಡಿಸುವುದು ದೊಡ್ಡ ಪುಣ್ಯ ಎಂದು ಕಲಿಸಿದ ಧರ್ಮದ ಅನುಯಾಯಿಗಳೇ ಸಂತೆಯಲ್ಲಿ ನಿಂತು ಬೆಲೆ ಕಟ್ಟಿದರು. ಹಬ್ಷಿ ಸರದಾರರ ಕೀರ್ತಿಯನ್ನು ಹೇಳುವಾಗ ಈ ಮಾತನ್ನು ಬಿಟ್ಟರೆ ಇತಿಹಾಸ ಅರ್ಧವಾಗುತ್ತದೆ. ಹೆಸರು ಉಳಿದದ್ದು ಕೆಲವರದು. ತಾಯಿಯ ಮಡಿಲಿನಿಂದ ಕಿತ್ತುಕೊಂಡು ಹೋದ ಮಕ್ಕಳಲ್ಲಿ ಹೆಚ್ಚಿನವರ ಹೆಸರು ಅಲ್ಲಾಹನಿಗೆ ಮಾತ್ರ ಗೊತ್ತು.

ದಖ್ಖನಿನ ಗುಲಾಮಗಿರಿಗೆ ಒಂದು ವಿಶೇಷವಿತ್ತು. ಅಮೆರಿಕದಲ್ಲಿ ಮಾಡಿದಂತೆ ಇವರನ್ನು ಹೆಚ್ಚಾಗಿ ಹೊಲಗೆಲಸಕ್ಕೆ ಹಾಕಲಿಲ್ಲ. ಅಮೀರರ ಮನೆಗಳಲ್ಲಿ ಸಾಕಿ, ಕುದುರೆ ಸವಾರಿ ಕಲಿಸಿ, ಸೈನ್ಯದಲ್ಲಿ ಬಳಸಿದರು. ಒಡೆಯ ಸತ್ತಾಗ ಅಥವಾ ಬಿಡುಗಡೆ ಕೊಟ್ಟಾಗ ಅವರು ಸ್ವತಂತ್ರ ಸವಾರರಾಗುತ್ತಿದ್ದರು. ಊರಲ್ಲಿ ಬಂಧುಬಳಗವಿಲ್ಲದ ಕಾರಣ ಅವರ ನಿಷ್ಠೆಯನ್ನು ಸುಲ್ತಾನರು ನಂಬುತ್ತಿದ್ದರು. ಹೀಗೆ ಬಹಮನಿ ಕಾಲದಿಂದಲೇ ಹಬ್ಷಿಗಳು ಆಸ್ಥಾನದ ಒಂದು ಬಲವಾದ ಪಕ್ಷವಾಗಿ ಬೆಳೆದರು. ಬೀದರಿನ ಊರಾಚೆ ಇಂದಿಗೂ ಹಬ್ಷಿ ಕೋಟ್ ಎಂಬ ದಿಬ್ಬವಿದೆ, ಅಲ್ಲಿ ಹಬ್ಷಿ ಅಮೀರರ ಗೋರಿಗಳಿವೆ. ರಾಯಚೂರಿನ ಏಕ್ ಮಿನಾರ್ ಮಸ್ಜಿದ್ 1513ರ ಸುಮಾರಿನದು, ಅದನ್ನು ಕಟ್ಟಿಸಿದವರ ಹೆಸರು ಅಂಬರ್.

ಮಾರಾಟವಾದ ಹುಡುಗ ರಾಜ್ಯ ಉಳಿಸಿದ ಕಥೆ

ಹಬ್ಷಿಗಳಲ್ಲಿ ಅತಿ ಪ್ರಸಿದ್ಧರು ಮಲಿಕ್ ಅಂಬರ್. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಹುಡುಗನ ಹೆಸರು ಚಾಪು. ಮೊಖಾದಿಂದ ಬಗ್ದಾದಿನವರೆಗೆ ಕೈಯಿಂದ ಕೈಗೆ ಮಾರಾಟವಾದ. ಬಗ್ದಾದಿನ ವ್ಯಾಪಾರಿಯೊಬ್ಬರು ಅವನಿಗೆ ಓದು ಬರಹ ಕಲಿಸಿ ಅಂಬರ್ ಎಂದು ಹೆಸರಿಟ್ಟರು. ಕೊನೆಗೆ ಅಹಮದ್‌ನಗರದ ನಿಝಾಮ್‌ಶಾಹಿ ಪೇಶ್ವೆ ಚಂಗೀಝ್ ಖಾನ್ ಅವನನ್ನು ಕೊಂಡರು. ಆ ಚಂಗೀಝ್ ಖಾನ್ ಸ್ವತಃ ಹಬ್ಷಿ, ಹಿಂದೆ ಗುಲಾಮರಾಗಿದ್ದವರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಅಂಬರ್‌ಗೆ ಬಿಡುಗಡೆ ಕೊಟ್ಟರು. ಮಲಿಕ್ ಎಂಬ ಬಿರುದು ಅವರಿಗೆ ದೊರೆತದ್ದು ಮುಂದೆ ಬಿಜಾಪುರದ ಸೇವೆಯಲ್ಲಿದ್ದಾಗ.

1600ರಲ್ಲಿ ಅಹಮದ್‌ನಗರದ ಕೋಟೆ ಮೊಗಲರ ವಶವಾಯಿತು. ರಾಜ್ಯ ಮುಗಿಯಿತು ಎಂದು ಎಲ್ಲರೂ ತಿಳಿದಾಗ ಅಂಬರ್ ಆ ವಂಶದ ಒಬ್ಬರನ್ನು ಪಟ್ಟಕ್ಕೆ ಕೂರಿಸಿ, ಹಬ್ಷಿ ಮತ್ತು ಮರಾಠ ಸವಾರರನ್ನು ಕೂಡಿಸಿಕೊಂಡು, ಇನ್ನೂ ಕಾಲು ಶತಮಾನ ಮೊಗಲ್ ಸೈನ್ಯವನ್ನು ತಡೆದು ನಿಲ್ಲಿಸಿದರು. ಎದುರು ನಿಂತು ಕಾದಾಡುವ ಬದಲು ಬೆಟ್ಟಗುಡ್ಡಗಳಲ್ಲಿ ಅಡಗಿ, ಶತ್ರುವಿನ ದವಸಧಾನ್ಯದ ಸಾಲುಗಳನ್ನು ಕಡಿಯುವುದು ಅವರ ಯುದ್ಧಕ್ರಮವಾಗಿತ್ತು. 1610ರಲ್ಲಿ ಅವರು ಖಡ್ಕಿ ಎಂಬ ಊರನ್ನು ರಾಜಧಾನಿಯಾಗಿ ಕಟ್ಟಿದರು. ಅದೇ ಮುಂದೆ ಔರಂಗಾಬಾದ್ ಆಯಿತು. ಮಳೆ ಕಡಿಮೆಯ ಆ ಊರಿಗೆ ನೆಲದಡಿಯ ಕಾಲುವೆಯಲ್ಲಿ ನೀರು ತಂದರು. ಅದರ ಹೆಸರು ನಹರ್-ಎ-ಅಂಬರಿ. 1624ರಲ್ಲಿ ಭಾತವಡಿಯಲ್ಲಿ ಮೊಗಲ್ ಮತ್ತು ಬಿಜಾಪುರದ ಕೂಡು ಸೈನ್ಯವನ್ನು ಸೋಲಿಸಿದರು. 1626ರಲ್ಲಿ ಸುಮಾರು 78ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಗೋರಿ ಖುಲ್ದಾಬಾದಿನಲ್ಲಿದೆ.

ಜಹಾಂಗೀರ್ ಬಾದಶಹನಿಗೆ ಅಂಬರ್ ಮೇಲೆ ಎಷ್ಟು ಸಿಟ್ಟಿತ್ತೆಂದರೆ, 1616ರ ಸುಮಾರಿಗೆ ಅಬುಲ್ ಹಸನ್ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿದ. ಭರ್ಜಿಯ ತುದಿಗೆ ಅಂಬರ್ ತಲೆ, ಅದಕ್ಕೆ ಬಾಣ ಬಿಡುತ್ತಿರುವ ಬಾದಶಹ. ನಿಜವಾಗಿ ಆ ತಲೆ ಅವನ ಕೈಗೆ ಎಂದೂ ಸಿಗಲಿಲ್ಲ. ಯುದ್ಧದಲ್ಲಿ ಆಗದ್ದನ್ನು ಬಣ್ಣದಲ್ಲಿ ಮಾಡಿಕೊಂಡ. ತನ್ನ ಆತ್ಮಕಥೆಯಲ್ಲಿ ಅಂಬರ್ ಅವರ ಮೈಬಣ್ಣವನ್ನೇ ಹಿಡಿದು ಹಳಿದ. ಆದರೆ ಅಂಬರ್ ಸತ್ತಾಗ ಅದೇ ಮೊಗಲ್ ಆಸ್ಥಾನದ ಇತಿಹಾಸಕಾರ ಮುತಮದ್ ಖಾನ್, ಯುದ್ಧದಲ್ಲೂ ಆಡಳಿತದಲ್ಲೂ ಅವರಿಗೆ ಸಮಾನರಿರಲಿಲ್ಲ ಎಂದು ಒಪ್ಪಿಕೊಂಡ. ಆ ಚಿತ್ರ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಹಾಶಿಮ್ ಎಂಬ ಚಿತ್ರಕಾರ ಬರೆದ ಅಂಬರ್ ಅವರ ಗಂಭೀರ ಭಾವಚಿತ್ರ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ, ಒಬ್ಬ ಮನುಷ್ಯನನ್ನು ಸಿಟ್ಟಿನ ಕಣ್ಣು ಹೇಗೆ ನೋಡುತ್ತದೆ, ಗೌರವದ ಕಣ್ಣು ಹೇಗೆ ನೋಡುತ್ತದೆ ಎಂಬುದು ತಿಳಿಯುತ್ತದೆ.

ಬಿಜಾಪುರದಲ್ಲಿ ಕಲೆಯೊಳಗೆ ಉಳಿದವರು

ಕನ್ನಡ ನೆಲದಲ್ಲಿ ಹಬ್ಷಿಗಳ ಮುದ್ರೆ ಹೆಚ್ಚು ಬಿದ್ದದ್ದು ಬಿಜಾಪುರದಲ್ಲಿ. ಎರಡನೇ ಇಬ್ರಾಹೀಮ್ ಆದಿಲ್‌ಶಾಹ ಬಾಲಕನಾಗಿದ್ದಾಗ 1582ರಿಂದ ಎಂಟು ವರ್ಷ ರಾಜ್ಯದ ಆಡಳಿತ ದಿಲಾವರ್ ಖಾನ್ ಹಬ್ಷಿಯ ಕೈಯಲ್ಲಿತ್ತು. ಅದೇ ಇಬ್ರಾಹೀಮನ ಗೋರಿ ಇಬ್ರಾಹೀಮ್ ರೋಜಾ ದಖ್ಖನಿನ ಅತಿ ಸುಂದರ ಕಟ್ಟಡಗಳಲ್ಲಿ ಒಂದು. 1626ರ ಹೊತ್ತಿಗೆ ಮುಗಿದ ಆ ಕಟ್ಟಡದ ಶಾಸನದಲ್ಲಿ ಕೆಲಸ ನಡೆಸಿದ ಮಲಿಕ್ ಸಂದಲ್ ಅವರ ಹೆಸರಿದೆ. ಬಿಜಾಪುರದ ಜಾಮಿಯಾ ಮಸ್ಜಿದಿನಲ್ಲಿ ಚಿನ್ನ ಮತ್ತು ಬಣ್ಣಗಳಿಂದ ಹೊಳೆಯುವ ಮಿಹ್ರಾಬಿನ ಅಲಂಕಾರ 1636ರದು. ಅಲ್ಲಿ ಉಳಿದಿರುವ ಹೆಸರು ಯಾಕೂತ್. ಗಂಧ ಮತ್ತು ಮಾಣಿಕ್ಯದ ಹೆಸರಿಟ್ಟುಕೊಂಡವರು ಕಲ್ಲಿಗೂ ಗೋಡೆಗೂ ಬೆಲೆ ತಂದರು.

ಇಬ್ರಾಹೀಮನ ಮಗ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ (1627-1656) ಇಖ್ಲಾಸ್ ಖಾನ್ ಆಸ್ಥಾನದ ಮುಖ್ಯಸ್ಥರಾದರು. 1645ರ ಸುಮಾರಿನ ಒಂದು ಚಿತ್ರದಲ್ಲಿ ಸುಲ್ತಾನ ಆನೆಯ ಮೇಲೆ ಕುಳಿತಿದ್ದಾನೆ. ಹಿಂದೆ ಅದೇ ಆನೆಯ ಮೇಲೆ ಇಖ್ಲಾಸ್ ಖಾನ್ ಕುಳಿತಿದ್ದಾರೆ. ಚಿತ್ರಕಾರರು ಅವರ ಕಪ್ಪು ಬಣ್ಣವನ್ನು ತಿಳಿಗೊಳಿಸಲಿಲ್ಲ, ಗೇಲಿಯನ್ನೂ ಮಾಡಲಿಲ್ಲ. ಅವರ ಇನ್ನೊಂದು ಚಿತ್ರ ಅಮೆರಿಕದ ಸ್ಯಾನ್ ಡಿಯಾಗೋ ಮ್ಯೂಸಿಯಮ್ಮಿನಲ್ಲಿದೆ. ಗೋಲ್ ಗುಂಬಝ್ ಏಳುತ್ತಿದ್ದ ವರ್ಷಗಳಲ್ಲಿ ಆ ರಾಜ್ಯದ ಲೆಕ್ಕಪತ್ರ, ಸೈನ್ಯ, ನ್ಯಾಯ ಎಲ್ಲದರ ಮೇಲೂ ಒಬ್ಬ ಹಬ್ಷಿಯ ಕಣ್ಣಿತ್ತು. ಕೊನೆಗಾಲದಲ್ಲಿ, 1678ರಿಂದ 1683ರವರೆಗೆ, ಬಿಜಾಪುರವನ್ನು ನಡೆಸಿದವರೂ ಒಬ್ಬ ಹಬ್ಷಿ, ಸಿದ್ದಿ ಮಸೂದ್ ಖಾನ್. ಗಡಿಯಾಚೆ ಆದೋನಿಯ ದೊಡ್ಡ ಜಾಮಿಯಾ ಮಸ್ಜಿದ್ ಅವರು ಕಟ್ಟಿಸಿದ್ದು.

ಶಿರಾ ಈ ಕಥೆಗೆ ಸೇರುವುದು ಇಲ್ಲೇ. 1638ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ದಕ್ಷಿಣಕ್ಕೆ ದಂಡೆತ್ತಿ ಬಂದು ಬೆಂಗಳೂರು ಮತ್ತು ಶಿರಾ ಸೀಮೆಗಳನ್ನು ಗೆದ್ದರು. ರತ್ನಗಿರಿಯ ರಂಗಪ್ಪ ನಾಯಕ ಆರಂಭಿಸಿ ಅರ್ಧಕ್ಕೆ ನಿಂತಿದ್ದ ಶಿರಾ ಕೋಟೆಯನ್ನು ಮಲಿಕ್ ಹುಸೇನ್ ಪೂರ್ತಿ ಮಾಡಿಸಿದರು. ಆಮೇಲೆ ಆಳಿದವರಲ್ಲಿ ಮಲಿಕ್ ರಿಹಾನ್ ಒಬ್ಬರು. 1687ರಲ್ಲಿ ಮೊಗಲರು ಶಿರಾವನ್ನು ಒಂದು ಸುಬಾದ ರಾಜಧಾನಿಯಾಗಿ ಮಾಡಿಕೊಂಡರು. ಏಳು ಪರಗಣಗಳ ಆಡಳಿತ 1757ರವರೆಗೆ ಇಲ್ಲಿಂದ ನಡೆಯಿತು. ತುಮಕೂರು ಸೀಮೆಯ ಮುಸ್ಲಿಮರ ಇತಿಹಾಸದ ಹಳೆಯ ಬೇರುಗಳಲ್ಲಿ ಒಂದು ಶಿರಾದಲ್ಲಿದೆ. ಬಿಜಾಪುರ ಆಸ್ಥಾನ ಬೆಳೆಸಿದ ಬಗೆಬಗೆಯ ಜನ ಆ ಬೇರಿಗೆ ನೀರೆರೆದವರು.

ಕಾಡು ಸೇರಿದವರು

ಅಮೀರರ ಕಥೆ ಗೋರಿಗಳಲ್ಲಿ ಉಳಿಯಿತು. ಬಡವರ ಕಥೆ ಕಾಡಿನಲ್ಲಿ ಉಳಿದಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ವಾಸವಾಗಿರುವ ಸಿದ್ದಿಗಳಲ್ಲಿ ಅನೇಕರ ಹಿರಿಯರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇಂದು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಕನ್ನಡ ಆಡುತ್ತಾರೆ, ಕೊಂಕಣಿ ಆಡುತ್ತಾರೆ. ಡಮ್ಮಾಮ್ ಎಂಬ ಅವರ ಚರ್ಮವಾದ್ಯಕ್ಕೆ ಮೂರೂ ಧರ್ಮದವರ ಕಾಲು ಕುಣಿಯುತ್ತದೆ.

ಅವರ ಹೆಂಗಸರು ಹೊಲಿಯುವ ಕವಂದಿ ಇಂದು ಜಗತ್ತಿನ ಮ್ಯೂಸಿಯಮ್‌ಗಳಿಗೆ ಹೋಗಿದೆ. ನಮ್ಮ ಕಡೆಯ ಕೌದಿಯಂತೆಯೇ ಹಳೆಯ ಸೀರೆ, ಅಂಗಿ, ಲುಂಗಿಯ ತುಂಡುಗಳಿಂದ ಮಾಡುವ ಹೊದಿಕೆ ಅದು. ಒಂದು ಮೂಲೆಯಿಂದ ಆರಂಭಿಸಿ ಸುತ್ತ ಸುತ್ತ ಹೊಲಿಯುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂವು ಇಡಬೇಕು, ಇಲ್ಲದಿದ್ದರೆ ಕವಂದಿ ಬತ್ತಲೆ ಎನ್ನುತ್ತಾರೆ. ಕ್ರೈಸ್ತ ಸಿದ್ದಿ ಶಿಲುಬೆ ಹಚ್ಚಿದರೆ, ಮುಸ್ಲಿಮ್ ಸಿದ್ದಿ ಅರ್ಧಚಂದ್ರ ಹಚ್ಚುತ್ತಾಳೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೆಲಸವನ್ನು ಅಧ್ಯಯನ ಮಾಡಿ, ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕೆ ಇರಿಸಿದರು.

ನಾಟಕವೂ ಅವರನ್ನು ಮುಟ್ಟಿದೆ. ಗುಬ್ಬಿ ವೀರಣ್ಣನವರ ಕಂಪನಿಯ ನೆನಪಿರುವ ನಮ್ಮ ಸೀಮೆಗೆ ರಂಗಭೂಮಿಯ ಶಕ್ತಿ ಏನೆಂದು ಹೇಳಬೇಕಾಗಿಲ್ಲ. 1980ರ ದಶಕದಲ್ಲಿ ನೀನಾಸಮ್‌ನವರು ಯಲ್ಲಾಪುರದ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ನಟರನ್ನಾಗಿ ಮಾಡಿ, ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವಾಗಿ ಆಡಿಸಿದರು. ನಿರ್ದೇಶಕರು ಚಿದಂಬರರಾವ್ ಜಂಬೆ. ಆಫ್ರಿಕಾದ ಕಥೆ ಆಫ್ರಿಕಾ ಮೂಲದವರ ಬಾಯಲ್ಲಿ ಕನ್ನಡವಾಗಿ ಕೇಳಿಸಿತು.

ಹಕ್ಕು ಮಾತ್ರ ತಡವಾಗಿ ಬಂತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಅದು ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನಾಟಕದ ಶಾಸಕಾಂಗ ಪ್ರವೇಶಿಸಿದ ಮೊದಲ ಸಿದ್ದಿಯಾದರು. ಶತಮಾನಗಳಿಂದ ಇಲ್ಲೇ ಇದ್ದರೂ ಬಸ್ಸಿನಲ್ಲಿ, ಪೇಟೆಯಲ್ಲಿ ಅವರನ್ನು ನೋಡಿ ಯಾವ ದೇಶದವರು ಎಂದು ಕೇಳುವವರು ಇಂದಿಗೂ ಇದ್ದಾರೆ.

ನೆನಪನ್ನು ಯಾರು ಕಾಯುತ್ತಾರೆ

ಅಮೆರಿಕದಲ್ಲಿ ಪ್ರತಿ ಫೆಬ್ರವರಿ ಕರಿಯರ ಇತಿಹಾಸದ ತಿಂಗಳು. ಇದನ್ನು ಆರಂಭಿಸಿದವರು ಕಾರ್ಟರ್ ವುಡ್ಸನ್ ಎಂಬ ಇತಿಹಾಸಕಾರರು. ಗುಲಾಮರಾಗಿ ಹುಟ್ಟಿದ ತಂದೆ ತಾಯಿಯ ಮಗ ಅವರು. 1926ರಲ್ಲಿ ಒಂದು ವಾರವಾಗಿ ಆರಂಭವಾದದ್ದು 1976ರಿಂದ ಒಂದು ತಿಂಗಳಾಯಿತು. ಅದೇ 1926ರಲ್ಲಿ ಆರ್ತುರೋ ಷಾಂಬರ್ಗ್ ಎಂಬ ಕರಿಯ ಪುಸ್ತಕಪ್ರೇಮಿ ವರ್ಷಗಳ ಕಾಲ ಕೂಡಿಹಾಕಿದ್ದ ಪುಸ್ತಕ, ಪತ್ರ, ಚಿತ್ರಗಳು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಿದವು. ಇಂದು ಅವರ ಹೆಸರಿನ ಕೇಂದ್ರ ಅಲ್ಲಿದೆ. 2013ರಲ್ಲಿ ಆ ಕೇಂದ್ರ ಭಾರತದಲ್ಲಿ ಆಫ್ರಿಕನ್ನರ ಇತಿಹಾಸದ ಬಗ್ಗೆಯೇ ಒಂದು ಪ್ರದರ್ಶನ ನಡೆಸಿತು. 2014ರಲ್ಲಿ ಅದು ದೆಹಲಿಗೂ ಬಂತು. ಗುಲಾಮರಾಗಿ ಬಂದು ಸೇನಾಪತಿಗಳೂ ದೊರೆಗಳೂ ಆದವರ ಕಥೆ ಅದು. ಅದರ ದೊಡ್ಡ ಭಾಗ ನಮ್ಮ ದಖ್ಖನಿನ ಕಥೆ. ನಮ್ಮ ಮನೆಯ ಹಿರಿಯರ ಭಾವಚಿತ್ರವನ್ನು ಪರಊರಿನವರು ಧೂಳು ಒರೆಸಿ ನಮಗೆ ತೋರಿಸಿದಂತಾಯಿತು.

ನಮ್ಮಲ್ಲಿ ಆಗಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಶಿರಾದ ದರ್ಗಾಕ್ಕೆ ಝಿಯಾರತ್‌ಗೆ ಹೋಗುವ ಕುಟುಂಬಗಳು ಮಕ್ಕಳಿಗೆ ಆ ಹೆಸರಿನ ಅರ್ಥ ಹೇಳಬಹುದು. ವಿಜಯಪುರ ಪ್ರವಾಸಕ್ಕೆ ಹೋಗುವ ಶಾಲೆಗಳು ಗೋಲ್ ಗುಂಬಝಿನಲ್ಲಿ ಕೂಗಿ ಪ್ರತಿಧ್ವನಿ ಕೇಳಿಸಿಕೊಂಡು ಮರಳಬಾರದು. ಎದುರಿನ ನಖ್ಖಾರ್‌ಖಾನೆಯಲ್ಲಿ 1892ರಿಂದ ಇರುವ ಮ್ಯೂಸಿಯಮ್ಮನ್ನೂ ನೋಡಿ ಬರಬೇಕು, ಇಬ್ರಾಹೀಮ್ ರೋಜಾದಲ್ಲಿ ಮಲಿಕ್ ಸಂದಲ್ ಅವರ ಹೆಸರನ್ನು ನೆನೆಯಬೇಕು. ಮದ್ರಸಾದ ಮಕ್ಕಳು ಬಿಲಾಲ್(ರ) ಅವರ ಕಥೆ ಕೇಳುವ ದಿನವೇ ಹಳಿಯಾಳದ ಮುಸ್ಲಿಮ್ ಸಿದ್ದಿಗಳ ವಿಷಯವನ್ನೂ ಕೇಳಲಿ. ಆಗ ಬಿಲಾಲ್ ದೂರದ ಮರುಭೂಮಿಯ ಹೆಸರಾಗಿ ಉಳಿಯುವುದಿಲ್ಲ.

ಇದಕ್ಕಿಂತ ಕಷ್ಟದ ಕೆಲಸ ಮನೆಯೊಳಗಿದೆ. ಹುಡುಗಿ ನೋಡಲು ಹೋದಾಗ ದೀನ್ ಮತ್ತು ನಡತೆಗಿಂತ ಮೊದಲು ಬಣ್ಣದ ಮಾತು ಬರುತ್ತದೆ. ಎಣ್ಣೆಗಪ್ಪು, ಗೋಧಿ ಬಣ್ಣ ಎಂದು ತೂಗುವವರು ಜುಮಾದ ಖುತ್ಬಾದಲ್ಲಿ ಬಿಲಾಲರ ಹೆಸರಿಗೆ ಕಣ್ಣು ಒದ್ದೆ ಮಾಡಿಕೊಂಡವರೇ ಆಗಿರುತ್ತಾರೆ. ಹಬ್ಷಿ ಎಂಬ ಪದ ನಮ್ಮ ದಖನಿ ಮಾತಿನಲ್ಲಿ ಬೈಗುಳವಾಗಿ ಹೋಗಿದೆ. ನಿರಾಶ್ರಿತರಿಗೆ ಬಾಗಿಲು ತೆರೆದ ನಾಡಿನ ಹೆಸರನ್ನು ಬೈಗುಳ ಮಾಡಿಕೊಂಡದ್ದು ನಮಗೆ ಒಪ್ಪುವ ಕೆಲಸವೇ? ಒಬ್ಬ ತಾಯಿ ತನ್ನ ಕಪ್ಪು ಮಗಳ ಮುಂದೆ ಆ ಪದವನ್ನು ಬಾಯಿಗೆ ತರದಿದ್ದರೆ, ಒಬ್ಬ ಅಜ್ಜ ಬಣ್ಣ ಕೇಳದೆ ಮೊಮ್ಮಗನ ನಿಕಾಹ್ ಒಪ್ಪಿದರೆ, ಹತ್ತು ಪ್ರದರ್ಶನಗಳು ಮಾಡದ ಕೆಲಸ ಆ ಮನೆಯಲ್ಲಿ ಆಗುತ್ತದೆ.

ಮಾರಾಟವಾದ ಮಕ್ಕಳಿಗೆ ಒಡೆಯರು ಪರಿಮಳದ ಹೆಸರಿಟ್ಟರು. ಆ ಮಕ್ಕಳು ಬೆಳೆದು ಈ ನೆಲಕ್ಕೆ ಮಸ್ಜಿದ್, ಕಾಲುವೆ, ಕೋಟೆ ಕೊಟ್ಟು ಹೋದರು. ಅವರ ಮಗ್ಫಿರತ್‌ಗಾಗಿ ದುಆ ಮಾಡೋಣ. ಅವರ ವಂಶದವರನ್ನು ನಮ್ಮವರೆಂದು ಕರೆಯುವ ಬಾಯನ್ನು ಅಲ್ಲಾಹನು ನಮಗೆ ಕೊಡಲಿ. ಆಮೀನ್.